ಹದಿನೇಳನೆಯ ಪ್ರಶ್ನೆ

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕ ಫೋನು ಟಿಣ್ ಎಂದಿತು. ಸರ್ವೆ ತಂಡದ ಗ್ರೂಪಿನಲ್ಲಿ ದಿನದ ವರದಿ: ‘ನೆಕ್ರಾಜೆ, ಆರು ಮನೆ ಮುಗಿಯಿತು.’ ಜೊತೆಗೊಂದು ಫೋಟೊ. ಬಾವಿಯ ಆಳ ನೋಡಿದ ಒದ್ದೆ ಹಗ್ಗದ ಒಂದು ತುದಿ ಪೂಜಾಶ್ರೀಯ ಕೈಯಲ್ಲಿ, ಇನ್ನೊಂದು ರೋಶನ್ ಕೈಯಲ್ಲಿ. ಇಬ್ಬರೂ ನಗುತ್ತಿದ್ದರು. ಅದು ರೋಶನ್ ಮನೆಯ ಬಾವಿ.

ನನಗೆ ನಿದ್ದೆ ಬರಲಿಲ್ಲ.

ಮಳೆ ತಪ್ಪಿದರೆ, ನೀರು ನುಗ್ಗಿದರೆ, ಬಿಸಿಲು ಏರಿದರೆ ಯಾವ ಊರಿನ ಯಾವ ಮನೆ ಮೊದಲು ಸೋಲುತ್ತದೆ ಎಂದು ಅಳೆಯುವುದು ನಮ್ಮ ಕೆಲಸ. 2009ರಲ್ಲಿ ಕೇಳಿದ ಪ್ರಶ್ನೆಗಳನ್ನೇ ಅದೇ ಮನೆಗಳಲ್ಲಿ ಈಗ, 2019ರಲ್ಲಿ, ಮತ್ತೆ ಕೇಳಬೇಕು. ಅವರಿಬ್ಬರು ಮನೆಮನೆಗೆ ಹೋಗುತ್ತಾರೆ. ನಾನು ಕಾಸರಗೋಡಿನ ಆಫೀಸಿನಲ್ಲಿ ಕೂತು ಫಾರ್ಮುಗಳನ್ನು ಕಂಪ್ಯೂಟರಿಗೆ ಹಾಕುತ್ತೇನೆ. ತಮ್ಮ ಮನೆಯ ಸರ್ವೆ ತಾವೇ ಮಾಡುವಂತಿಲ್ಲ. ಹಾಗಾಗಿ ರೋಶನ್ ಮನೆಗೆ ಪೂಜಾಶ್ರೀ, ಸೇರಿ ಮೂರು ತಿಂಗಳಾದವಳು.

ಎರಡು ವರ್ಷದಿಂದ ಫಾರ್ಮಿನ ಕಟ್ಟನ್ನು ರೋಶನ್‌ನೇ ತಂದು, ಅಗತ್ಯಕ್ಕಿಂತ ಒಂದು ನಿಮಿಷ ಹೆಚ್ಚು ನಿಲ್ಲುತ್ತಿದ್ದ. ಮರುದಿನ ಬೆಳಿಗ್ಗೆ ಅದನ್ನು ತಂದವಳು ಪೂಜಾಶ್ರೀ.

“ಮೆರ್ಲಿನಕ್ಕ, ರೋಶನ್‌ನ ಅಮ್ಮ ಎಷ್ಟು ಪಾಪ ಗೊತ್ತುಂಟಾ? ನೀರುದೋಸೆ ತಿನ್ನದೆ ಬಿಡ್ಲೇ ಇಲ್ಲ.”

ನಿನ್ನೆಯವರೆಗೆ ‘ರೋಶನ್ ಸರ್’ ಇತ್ತು.

“ನೀರುದೋಸೆಗೆ ಫಾರ್ಮಲ್ಲಿ ಕಾಲಂ ಉಂಟಾ?” ಎಂದೆ.

ಅವಳು ನಕ್ಕು, ಹಿಂದೆ ನಿಂತಿದ್ದ ರೋಶನ್ ಕಡೆ ನೋಡಿದಳು. ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಪಟ್ಟಿ ಸರಿಯಾಗಿಯೇ ಇತ್ತು.

ಅವರಿಬ್ಬರು ಚಹಾಕ್ಕೆ ಇಳಿದ ಕೂಡಲೇ ನಾನು ಕ್ರಮ ತಪ್ಪಿಸಿ ಆರನೆಯ ಫಾರ್ಮು, ರೋಶನ್ ಮನೆಯದ್ದು, ಎಳೆದೆ.

ಹೆಂಚಿನ ಮಾಡು. ತಂದೆ ಇಲ್ಲ. ಹಿಂದೆ ಮೇ ತಿಂಗಳವರೆಗೂ ನೀರಿದ್ದ ಬಾವಿ ಈಗ ಮಾರ್ಚಿಗೇ ಬತ್ತುತ್ತದೆ. ಅಯ್ಯೋ ಎನ್ನಿಸುವ ಮೊದಲೇ ಕಣ್ಣು ಕೆಳಗೆ ಓಡಿತು. ಹದಿನೇಳನೆಯ ಪ್ರಶ್ನೆ: ಕಷ್ಟ ಬಂದರೆ, ಮನೆಯವರನ್ನು ಬಿಟ್ಟು, ಮೊದಲು ಯಾರಿಗೆ ಹೇಳುತ್ತೀರಿ?

ರೋಶನ್ ಹೆಸರಿನ ಸಾಲಿನಲ್ಲಿ 2009ರ ಉತ್ತರ: ಯಾರೂ ಇಲ್ಲ.

ಅದರ ಪಕ್ಕ, ಪೂಜಾಶ್ರೀಯ ದುಂಡು ಅಕ್ಷರದಲ್ಲಿ, ಈ ವರ್ಷದ್ದು: ಮೆರ್ಲಿನ್.

ಸಂಬಂಧದ ಕಾಲಂ ಖಾಲಿ. ಅಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು: ‘ಎರಡು ಸಲ ಕೇಳಿದೆ. ಬರೀ ನಗುತ್ತಾರೆ.’

ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು. ರೋಶನ್, ಒಬ್ಬನೇ.

“ಆರನೇ ಮನೆಯದ್ದು ಒಂದು ಕಾಲಂ ಖಾಲಿ ಉಂಟು,” ಎಂದೆ. “ಸಂಬಂಧ. ಬಂಧು, ನೆರೆಯವರು, ಸ್ನೇಹಿತರು, ಇತರೆ. ತುಂಬದಿದ್ದರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ.”

ಅವನು ಬಾಗಿಲಲ್ಲೇ ನಿಂತ. “ನಾನೂ ಮುಂದೆ ಹೋಗ್ಲಿಲ್ಲ. ಎರಡು ವರ್ಷ ಆಯ್ತು.”

“ಎಂತ ಹಾಕಲಿ?”

“ನೀವೇ ಹೇಳಿ ಮಾರಾಯ್ರೆ. ಬಂಧು ಅಂತ ಹಾಕ್ಲಿಕ್ಕೆ ಆಗ್ತದಾ?”

“ಸುಳ್ಳು ಮಾಹಿತಿ ಆಗ್ತದೆ.”

“ಈಗ ಸುಳ್ಳು. ಮುಂದಿನ ಸರ್ವೆಗೆ?”

“ಅದು ಹತ್ತು ವರ್ಷಕ್ಕೆ.”

“ಅಷ್ಟು ಕಾಯ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ.”

“ನನ್ನಿಂದಲೂ,” ಎಂದೆ, ಪರದೆಯನ್ನೇ ನೋಡುತ್ತ. ಸದ್ಯಕ್ಕೆ ‘ಇತರೆ’ ಒತ್ತಿದೆ.

ಪೂಜಾಶ್ರೀ ಮೇಲೆ ಬಂದು ನಮ್ಮಿಬ್ಬರ ಮುಖ ನೋಡಿದಳು. “ಎಂತ ಅಕ್ಕ, ಏನಾಯ್ತು?”

“ಎಂತ ಇಲ್ಲ. ಒಂದು ಕಾಲಂ ಖಾಲಿ ಇತ್ತು.”

ಫೋಟೊದ ಆ ನಗೆ ನನ್ನ ಹೆಸರಿಗೆ ಬಂದದ್ದೆಂದು ಈಗ ಗೊತ್ತಿದೆ. ಆದರೂ ಅವನ ಬಾಯಿಂದ ನನ್ನ ಹೆಸರನ್ನು ನನಗಿಂತ ಮೊದಲು ಕೇಳಿದವಳು ಅವಳು. ಆ ಹೊಟ್ಟೆಕಿಚ್ಚು ಆರಿಲ್ಲ. ಮುಂದಿನ ಸರ್ವೆಯ ಮಾತಾದರೂ ನನ್ನೊಬ್ಬಳದೇ ಇರಲಿ. ಅವಳಿಗೂ ಹೇಳುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ. ಮಾಹಿತಿಯನ್ನು ಗುಟ್ಟಾಗಿಡುತ್ತೇನೆಂದು ಸೇರಿದ ದಿನವೇ ಸಹಿ ಹಾಕಿದ್ದೇನಲ್ಲ.