ಬಿಕ್ಕಳಿಕೆ ನಿಲ್ಲಬಾರದು

"ಬಿಕ್!"

ಪ್ರಾರ್ಥನಾ ಮಂದಿರದಲ್ಲಿ ಕೂತಿದ್ದವರೆಲ್ಲ ಕೆಜಾಯಳ ಕಡೆ ತಿರುಗಿದರು.

"ಅಕ್ಕ, ಬೆಳಗಿಂದ ಇದು ನೂರಾ ಹನ್ನೆರಡನೇದು," ಎಂದು ತಮ್ಮ ಈನಕ್ ಪಿಸುಗುಟ್ಟಿದ.

"ಬಾಯ್ಮುಚ್ಚೋ... ಬಿಕ್!"

ಬಿಕ್ಕಳಿಕೆ ಶುರುವಾಗಿದ್ದು ಮೊನ್ನೆ, ಡಾರ್ಕಸ್ ಅಜ್ಜಿಯ ಮನೆಯಲ್ಲಿ. ಅಜ್ಜಿ ಕೊಟ್ಟ ಬಿಸಿಬಿಸಿ ಮೆಕ್ಕೆಜೋಳದ ರೊಟ್ಟಿಯನ್ನು ಕೆಜಾಯ ಗಬಗಬ ತಿಂದಿದ್ದಳು. ಅಷ್ಟೇ. ಆದರೆ ಪಕ್ಕದ ಮನೆಯ ಸೈಲಸ್ ಬಿಡಬೇಕಲ್ಲ! "ಮುದುಕಿ ಮಾಟ ಮಾಡಿದ್ದಾಳೆ" ಎಂದು ಊರಿಗೆಲ್ಲ ಸಾರಿದ. 1692ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಊರುಗಳಲ್ಲಿ ಅಷ್ಟು ಮಾತೇ ಸಾಕಿತ್ತು. ಅಜ್ಜಿಯ ಕೈ ಕಟ್ಟಿ ವಿಚಾರಣೆಗೆಂದು ಈ ಮಂದಿರಕ್ಕೆ ಕರೆತಂದರು. ನ್ಯಾಯಾಧೀಶರು ಕುದುರೆ ಏರಿ ಬಂದರು.

"ಈಕೆ ಹುಡುಗಿಯನ್ನ ಮುಟ್ಟಲಿ," ಎಂದರು ನ್ಯಾಯಾಧೀಶರು. "ಬಿಕ್ಕಳಿಕೆ ನಿಂತರೆ, ಮಾಟ ಅದನ್ನ ಮಾಡಿದವಳ ಮೈಗೇ ವಾಪಸ್ ಹೋಯ್ತು ಅಂತ ಅರ್ಥ. ಈಕೆಯೇ ಮಾಟಗಾತಿ."

ಮಾಟಗಾತಿಗೆ ನೇಣು. ಅದು ಪುಟ್ಟ ಈನಕ್‌ಗೂ ಗೊತ್ತಿತ್ತು.

ಬಿಕ್ಕಳಿಕೆ ನಿಲ್ಲಿಸಲು ಕೆಜಾಯ ಎರಡು ದಿನ ಏನೆಲ್ಲ ಮಾಡಿದ್ದಳು! ವಿನೆಗರ್ ಕುಡಿದಿದ್ದಳು. ಮುಖ ಕೆಂಪಾಗುವಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದಳು. ಈಗ ಕಣ್ಣು ಮುಚ್ಚಿ, 'ದೇವರೇ, ನಿಲ್ಲಿಸಬೇಡಪ್ಪ' ಎಂದು ಬೇಡಿಕೊಂಡಳು.

ಅಜ್ಜಿಯ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿದರು.

"ಎಲ್ಲಿ ಮುಟ್ಟಲಿ ಸ್ವಾಮಿ?"

"ಎಲ್ಲಾದರೂ ಸರಿ."

ಅಜ್ಜಿ ಕೆಜಾಯಳ ಪಕ್ಕೆಯ ಮೇಲೆ ಕೈಯಿಟ್ಟಳು. ಎಲ್ಲರೂ ಕಾದರು. ಕೆಜಾಯಳೂ ಕಾದಳು. ಬಿಕ್ಕಳಿಕೆ ಬರಲಿಲ್ಲ.

"ನಿಂತೇಹೋಯ್ತು! ನೋಡಿದ್ರಾ?" ಸೈಲಸ್ ಎದ್ದು ನಿಂತ. ನ್ಯಾಯಾಧೀಶರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

ಸುಳ್ಳು ಸುಳ್ಳೇ ಬಿಕ್ಕಳಿಸಿಬಿಡಲೇ? ಕೆಜಾಯ ಬಾಯಿ ತೆರೆದಳು. ದನಿಯೇ ಹೊರಡಲಿಲ್ಲ.

ಅಷ್ಟರಲ್ಲಿ ಅವಳ ಪಕ್ಕೆಯ ಮೇಲೆ ಅಜ್ಜಿಯ ಒಂದು ಬೆರಳು ಮೆಲ್ಲಗೆ ಹರಿದಾಡಿತು.

ಆ ಮಂದಿರದಲ್ಲಿ ಯಾರೂ, ಎಂದೂ ನಕ್ಕಿರಲಿಲ್ಲ. ಕೆಜಾಯ ತುಟಿ ಕಚ್ಚಿದಳು, ಕೆನ್ನೆ ಉಬ್ಬಿಸಿದಳು. ಆಗಲಿಲ್ಲ.

"ಹಿಹ್ಹಿಹ್ಹೀ... ಅಯ್ಯೋ ಅಜ್ಜೀ, ಬೇಡ... ಬಿಕ್! ಬಿಕ್! ಬಿಕ್!"

"ನೂರಾ ಹದಿನಾಲ್ಕು, ಹದಿನೈದು, ಹದಿನಾರು!" ಈನಕ್ ಬೆಂಚಿನ ಮೇಲೆ ಹತ್ತಿ ಕೂಗಿದ.

"ಕಚಗುಳಿ ಇಟ್ಟಳು! ಇದು ಮೋಸ!" ಸೈಲಸ್ ಕಿರುಚಿದ.

"ಕಚಗುಳಿ ಇಡೋಕೂ ಮುಟ್ಟಲೇಬೇಕಲ್ಲಯ್ಯಾ," ಎಂದರು ನ್ಯಾಯಾಧೀಶರು, ನಗು ತಡೆಯುತ್ತಾ. "ಮುಟ್ಟಿದಳು. ಬಿಕ್ಕಳಿಕೆ ನಿಲ್ಲಲಿಲ್ಲ. ಅಜ್ಜಿ, ನೀನು ಮನೆಗೆ ಹೋಗು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಮಂದಿರವೇ ನಕ್ಕಿತು. ಪಾದ್ರಿಗಳು ಬೈಬಲ್ಲಿನ ಹಿಂದೆ ಮುಖ ಮುಚ್ಚಿಕೊಂಡರು.

ಹೊರಗೆ ಬಿಸಿಲು. ಕೆಜಾಯ ಕುಣಿಯುತ್ತಾ ಕೇಳಿದಳು, "ಅಜ್ಜೀ, ನಿಂಗೆ ಒಂಚೂರೂ ಹೆದರಿಕೆ ಆಗ್ಲಿಲ್ವಾ?"

"ನಂಗಾ? ಹೆದರಿಕೆನಾ? ನಿನ್ನ ಮುಖ ನೋಡಿ ನಗು ತಡಿಯೋದೇ ಕಷ್ಟ ಆಗಿತ್ತು ಕಣೇ!"

ಮೆಟ್ಟಿಲಿಳಿಯಲು ಅಜ್ಜಿ ಕೈ ಚಾಚಿದಳು. ಕೆಜಾಯ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು. ಆಗತಾನೇ ಮೊಟ್ಟೆಯೊಡೆದು ಬಂದ ಕೋಳಿಮರಿಯಂತೆ ಇನ್ನೂ ನಡುಗುತ್ತಿತ್ತು.

ಕೆಜಾಯ ಕುಣಿಯುವುದನ್ನು ನಿಲ್ಲಿಸಿದಳು. ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಮುಚ್ಚಿಕೊಂಡು, ಅಜ್ಜಿಯ ಜೊತೆ ಒಂದೊಂದೇ ಮೆಟ್ಟಿಲಿಳಿದಳು.