ಚೌಕಟ್ಟಿನಡಿಯ ಮೂರು ಬೆರಳು

ಚಿತ್ರದ ಚೌಕಟ್ಟು ಬಿಚ್ಚಿದ ಅಕ್ಕ ಐದು ನಿಮಿಷ ಪಿಟಕ್ಕೆನ್ನಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದಾಳೆಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ. ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ.

ಗುಮಾಸ್ತ ಅವಳ ಒಡಹುಟ್ಟಿದ ತಮ್ಮ. ಅಕ್ಕ ಆ ಸರಕಾರಿ ಮ್ಯೂಸಿಯಂನಲ್ಲಿ ಚಿತ್ರಗಳ ಉಗ್ರಾಣ ನೋಡಿಕೊಳ್ಳುವವಳು, ಇವನು ಅಲ್ಲೇ ದಾಖಲೆ ಬರೆಯುವವನು. ವರ್ಷಕ್ಕೊಮ್ಮೆ ಒಂದೊಂದು ಚಿತ್ರವನ್ನೂ ಚೌಕಟ್ಟಿನಿಂದ ಹೊರಗೆ ತೆಗೆದು ಧೂಳು ಹೊಡೆಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಒಂದು ಸಲವೂ ತಪ್ಪಿಸಿದವಳಲ್ಲ. ಜ್ವರ ಬಂದರೆ ಮಾತ್ರೆ ನುಂಗಿ ಬಂದು ಧೂಳು ಹೊಡೆಯುತ್ತಿದ್ದಳು, ಮನೆಯಲ್ಲಿ ಬೈಸಿಕೊಳ್ಳುತ್ತಿದ್ದಳು.

ಅಂದು ಮೇಜಿನ ಮೇಲಿದ್ದದ್ದು ಕುರ್ಚಿಯ ಮೇಲೆ ಕೂತ ಪುಟ್ಟ ಹುಡುಗಿಯ ಚಿತ್ರ. ಅರಮನೆಯಿಂದ ಸರಕಾರಕ್ಕೆ ಬಂದ ಚಿತ್ರಗಳಲ್ಲಿ ಎಲ್ಲರೂ ಕೇಳಿಕೊಂಡು ಬಂದು ನೋಡುತ್ತಿದ್ದದ್ದು ಅದನ್ನೇ. ಎರಡು ವರ್ಷ ಸರಕಾರಿ ಅತಿಥಿಗೃಹದ ಊಟದ ಕೋಣೆಗೆ ಎರವಲು ಹೋಗಿತ್ತು. ಎಂಟು ತಿಂಗಳ ಹಿಂದೆ ಅರಗಿನ ಮುದ್ರೆ ಒತ್ತಿದ ಪೆಟ್ಟಿಗೆಯಲ್ಲಿ ವಾಪಸು ಬಂದಿತ್ತು. ಮುದ್ರೆ ನೆಟ್ಟಗಿದ್ದರೆ ಸಹಿ ಹಾಕಿ ಒಳಗಿಟ್ಟುಕೊಳ್ಳುವುದು, ಧೂಳಿನ ಸರದಿ ಬಂದಾಗ ಬಿಚ್ಚುವುದು, ಅದು ಅಲ್ಲಿನ ವಾಡಿಕೆ. ಆ ಬೆಳಿಗ್ಗೆ ಗುಮಾಸ್ತನ ಎದುರಿಗೆ, ಬಡಗಿಯ ಎದುರಿಗೆ ಮುದ್ರೆ ಒಡೆದಿದ್ದರು.

"ಬೆರಳಿಲ್ಲ ಕಣೋ," ಎಂದಳು ಅಕ್ಕ ಕೊನೆಗೆ. "ಇದು ನಮ್ಮ ಚಿತ್ರ ಅಲ್ಲ. ಯಾರೋ ಬರೆದ ನಕಲು."

ಬೆರಳಿನ ವಿಷಯ ಹೇಳಬೇಕು. ಹಿಂದಿನ ದೊರೆಯೊಬ್ಬನಿಗೆ ಸಭಾಂಗಣದ ಚಿತ್ರಗಳೆಲ್ಲ ಒಂದೇ ಅಳತೆಯ ಚಿನ್ನದ ಚೌಕಟ್ಟಿನಲ್ಲಿರಬೇಕೆಂದು ಹುಚ್ಚು ಹಿಡಿಯಿತಂತೆ. ಅಳತೆಗೆ ಹೊಂದದ ಚಿತ್ರಗಳ ಅಂಚನ್ನು ಅವನ ಆಳುಗಳು ಕತ್ತರಿಸಿದರು, ಮಡಚಿದರು. ಹುಡುಗಿಯ ಪಕ್ಕದಲ್ಲಿ ನಿಂತಿದ್ದ ಹೆಂಗಸು ಹಾಗೆಯೇ ಕತ್ತರಿಗೆ ಹೋದಳು. ಮಗುವಿನ ಮೊಣಕೈ ಹಿಡಿದ ಅವಳ ಮೂರು ಬೆರಳು ಮಾತ್ರ ಉಳಿದು ಚೌಕಟ್ಟಿನ ಅಂಚಿನಡಿ ಸೇರಿಕೊಂಡವು. ಗೋಡೆಯ ಮೇಲಿದ್ದಾಗ ಅವು ಯಾರಿಗೂ ಕಾಣವು, ಚೌಕಟ್ಟು ಬಿಚ್ಚಿದವರಿಗೆ ಮಾತ್ರ ಕಂಡಾವು. ಅಮ್ಮನ ಬೆರಳು ಎಂದು ಅಕ್ಕ ಅವನ್ನು ವರ್ಷಕ್ಕೊಮ್ಮೆ ಮಾತಾಡಿಸುತ್ತಿದ್ದಳು. ಈಗ ಆ ಜಾಗದಲ್ಲಿ ಬರೀ ಕಂದು ಬಣ್ಣ ಬಳಿದಿತ್ತು.

ಅಕ್ಕ ಒಂದು ಗಳಿಗೆಯೂ ಯೋಚಿಸದೆ ನಿರ್ದೇಶಕರ ಕೋಣೆಗೆ ಹೋಗಿ ವರದಿ ಬರೆದುಕೊಟ್ಟಳು. ಅವಳ ಕಣ್ಣಿನ ಮೇಲೆ ಎಲ್ಲರಿಗೂ ಎಷ್ಟು ನಂಬಿಕೆಯೆಂದರೆ, ನಕಲು ಹೌದೋ ಅಲ್ಲವೋ ಎಂದು ಯಾರೂ ಮರುಪ್ರಶ್ನೆ ಹಾಕಲಿಲ್ಲ. ನೇರವಾಗಿ ಕೇಳಿದ್ದು, ಹಾಗಾದರೆ ಅಸಲು ಎಲ್ಲಿ ಎಂದು. ಉಗ್ರಾಣದ ಬೀಗದ ಕೈ ಅವಳದು, ವಾಪಸು ಬಂದದ್ದಕ್ಕೆ ಹಾಕಿದ ಸಹಿ ಅವಳದು. ನಿರ್ದೇಶಕರು ಕೆಟ್ಟವರಲ್ಲ, ಗಾಳಿ ಬೀಸಿದ ಕಡೆ ವಾಲುವವರು ಅಷ್ಟೇ. ಮಾರನೇ ದಿನ ಹನ್ನೊಂದಕ್ಕೆ ಮ್ಯೂಸಿಯಂ, ಅತಿಥಿಗೃಹ ಎರಡನ್ನೂ ನೋಡಿಕೊಳ್ಳುವ ಸರಕಾರದ ಕಾರ್ಯದರ್ಶಿಗಳು ಬರುತ್ತಾರೆ, ಅಷ್ಟರೊಳಗೆ ಬೇರೆ ವಿವರಣೆ ಸಿಗದಿದ್ದರೆ ಪೊಲೀಸರಿಗೆ ಒಪ್ಪಿಸಬೇಕಾಗುತ್ತದೆ ಎಂದು ತಲೆ ತಗ್ಗಿಸಿಕೊಂಡು ಹೇಳಿದರು.

ಗುಮಾಸ್ತ ಓಡಿದ್ದು ಹಿತ್ತಿಲ ವಠಾರಕ್ಕೆ, ಭೂತಗನ್ನಡಿ ಮೇಷ್ಟ್ರ ಹತ್ತಿರ. ಮೂವತ್ತು ವರ್ಷ ಹಾಳಾದ ಚಿತ್ರಗಳನ್ನು ರಿಪೇರಿ ಮಾಡಿ ನಿವೃತ್ತರಾದವರು ಅವರು. ಮ್ಯೂಸಿಯಂನಲ್ಲಿ ಏನು ಕಳೆದರೂ ಹುಡುಕಿಕೊಡುವುದು ಅವರೇ, ಅವರ ಹಿಂದೆ ಬಾಲದಂತೆ ಸುತ್ತುವುದು ಗುಮಾಸ್ತ. ಹಿಂದೊಮ್ಮೆ ಕಾಣೆಯಾದ ದಂತದ ಕುದುರೆಯನ್ನು ನಿರ್ದೇಶಕರ ಹೆಂಡತಿಯ ಹೊಲಿಗೆ ಬುಟ್ಟಿಯಿಂದ ಎತ್ತಿ ಕೊಟ್ಟು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮುಗಿಸಿದ್ದರು.

ಮೇಷ್ಟ್ರು ನಕಲನ್ನು ಅಂಗುಲ ಅಂಗುಲ ನೋಡಿದರು. ಚಿತ್ರದೊಳಗಿನ ಕಿಟಕಿಯ ಮೂಲೆಯಲ್ಲಿ ಭೂತಗನ್ನಡಿ ನಿಲ್ಲಿಸಿ, ಈ ಗುಬ್ಬಚ್ಚಿ ಮೊದಲು ಕಂಡದ್ದು ಯಾವಾಗ ನೆನಪಿದೆಯೇನೋ ಎಂದು ಕೇಳಿದರು. ಗುಮಾಸ್ತನಿಗೆ ನೆನಪಿತ್ತು. ಅತಿಥಿಗೃಹಕ್ಕೆ ಕಳಿಸುವ ಹಿಂದಿನ ದಿನ ಕಪ್ಪುಗಟ್ಟಿದ ವಾರ್ನಿಷ್ ಒರೆಸುವಾಗ ಮೇಷ್ಟ್ರ ಹತ್ತಿಯಡಿಯಲ್ಲೇ ಅದು ಕಂಡಿತ್ತು, ಅದಕ್ಕೆ ಮೊದಲು ಅಲ್ಲೊಂದು ಹಕ್ಕಿಯಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಹೂಂ ಎಂದವರೇ ಒಡೆದ ಅರಗಿನ ಚೂರುಗಳನ್ನು ಜೋಡಿಸಿ ನೋಡಿ, ಚಪ್ಪಲಿ ಮೆಟ್ಟಿದರು.

ಮಧ್ಯಾಹ್ನ ಇಬ್ಬರೂ ಅತಿಥಿಗೃಹಕ್ಕೆ ಹೋದರು. ಅಲ್ಲಿನ ಅಡುಗೆಯವ ಮಾತಿಗೆ ಹಸಿದವನು. ಚಿತ್ರಕಾರನೊಬ್ಬ ನಲವತ್ತು ದಿನ ಅಲ್ಲೇ ಇದ್ದ, ಊಟದ ಕೋಣೆಯಲ್ಲಿ ಕೂತು ಗೋಡೆ ನೋಡಿಕೊಂಡು ಬರೆಯುತ್ತಿದ್ದ, ಸಾರಿಗೆ ಉಪ್ಪು ಕಡಿಮೆ ಎಂದು ದಿನಾ ತಗಾದೆ ತೆಗೆಯುತ್ತಿದ್ದ ಎಂದ. ಮೇಷ್ಟ್ರು ಎರಡೇ ಪ್ರಶ್ನೆ ಕೇಳಿದರು. ಅವನು ಚಿತ್ರವನ್ನು ಕೆಳಗಿಳಿಸಿದ್ದನೇ? ಇಲ್ಲ, ಮುಟ್ಟಕೂಡದೆಂದು ಮೇಲಿನಿಂದ ಅಪ್ಪಣೆಯಿತ್ತು. ಕೊನೆಗೆ ಎಷ್ಟು ಪೆಟ್ಟಿಗೆ ಹೊರಟವು? ಎರಡು, ಒಂದು ಮ್ಯೂಸಿಯಂಗೆ, ಒಂದು ವಿಮಾನ ನಿಲ್ದಾಣಕ್ಕೆ.

ದಾರಿಯುದ್ದಕ್ಕೂ ಗುಮಾಸ್ತನ ಕಾಲು ನೆಲದ ಮೇಲಿರಲಿಲ್ಲ, ಅಕ್ಕ ಬಚಾವಾದಳೆಂದು. ಮೇಷ್ಟ್ರು ಮಾತ್ರ ಹುಳ್ಳಗಿನ ಮುಖ ಮಾಡಿಕೊಂಡು ಬಂದರು. ಅಪ್ಪಣೆ ಯಾರದೆಂದು ಅಡುಗೆಯವ ಅವರ ಕಿವಿಯಲ್ಲಿ ಹೇಳಿದ್ದ.

ಮಾರನೇ ದಿನ ಹನ್ನೊಂದಕ್ಕೆ ರಿಪೇರಿ ಕೋಣೆಯಲ್ಲಿ ಎಲ್ಲರೂ ಸೇರಿದರು. ಕಾರ್ಯದರ್ಶಿಗಳು ಬೆಳಕಿಗೆ ಬೆನ್ನು ಹಾಕಿ ಕೂತರು. ನಿರ್ದೇಶಕರು ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ಅಕ್ಕ ಬಾಗಿಲ ಬಳಿ ನಿಂತಿದ್ದಳು, ಮೂರು ದಿನ ಉಪವಾಸ ಇದ್ದವಳ ಹಾಗೆ ಕಾಣುತ್ತಿದ್ದಳು.

ಮೇಷ್ಟ್ರು ಪಾಠ ಹೇಳುವವರ ಹಾಗೆ ನಿಧಾನವಾಗಿ ಬಿಡಿಸಿದರು. ನಕಲಿನಲ್ಲಿ ಗುಬ್ಬಚ್ಚಿ ಇದೆ. ಹಾಗಾದರೆ ಅದನ್ನು ಬರೆದದ್ದು ವಾರ್ನಿಷ್ ತೆಗೆದ ಮೇಲೆ, ಅಂದರೆ ಚಿತ್ರ ಮ್ಯೂಸಿಯಂ ಬಿಟ್ಟ ಮೇಲೆ. ನಕಲಿನಲ್ಲಿ ಬೆರಳಿಲ್ಲ. ಹಾಗಾದರೆ ಬರೆದವನು ಚಿತ್ರವನ್ನು ಚೌಕಟ್ಟಿನೊಳಗೆ, ಗೋಡೆಯ ಮೇಲೆ ಮಾತ್ರ ನೋಡಿದವನು. ಉಗ್ರಾಣದವಳು ಬರೆಸಿದ್ದರೆ ಬೆರಳು ಬಿಡುತ್ತಿರಲಿಲ್ಲ, ಈ ಕಟ್ಟಡದಲ್ಲಿ ಆ ಬೆರಳನ್ನು ಅವಳಷ್ಟು ಬಲ್ಲವರಿಲ್ಲ. ಇನ್ನು ಪೆಟ್ಟಿಗೆಯ ಅರಗು. ಒಡೆಯುವ ತನಕ ಅದು ಇಡಿಯಾಗಿತ್ತು, ಒತ್ತಿದ್ದು ಅತಿಥಿಗೃಹದ ಮುದ್ರೆ. ಅಲ್ಲಿಗೆ, ನಕಲು ಹುಟ್ಟಿದ್ದೂ ಅಲ್ಲೇ, ಪೆಟ್ಟಿಗೆ ಹೊಕ್ಕದ್ದೂ ಅಲ್ಲೇ. ಅಸಲನ್ನು ಚೌಕಟ್ಟಿನಿಂದ ಬಿಚ್ಚಿ ನಕಲನ್ನು ಕೂರಿಸಿದ ಆಳುಗಳು ಅವಸರದಲ್ಲಿ ಅಂಚು ನೋಡಲಿಲ್ಲ.

"ಚಿತ್ರಕಾರನನ್ನು ಕರೆಸಿದವರೂ ಪೆಟ್ಟಿಗೆಗೆ ಮೊಳೆ ಹೊಡೆಸಿದವರೂ ಒಬ್ಬರೇ," ಎಂದು ಮೇಷ್ಟ್ರು ಕನ್ನಡಕ ತೆಗೆದು ಕಾರ್ಯದರ್ಶಿಗಳ ಕಡೆ ನೋಡಿದರು. "ತಾವೇ, ಸ್ವಾಮಿ."

ನಿರ್ದೇಶಕರಿಗೆ ಕೆಮ್ಮು ಬಂತು. ಕಾರ್ಯದರ್ಶಿಗಳಿಗೆ ಸಿಟ್ಟೂ ಬರಲಿಲ್ಲ, ಬೆವರೂ ಬರಲಿಲ್ಲ. ದಣಿದ ಮನುಷ್ಯನ ಹಾಗೆ ಹಣೆ ಉಜ್ಜಿಕೊಂಡು ಎಲ್ಲ ಒಪ್ಪಿಕೊಂಡರು. ನಕಲು ಬರೆಸಿದ್ದು ಬೇರೆ ದೇಶದ ದೊಡ್ಡ ಅತಿಥಿಗೆ ಉಡುಗೊರೆ ಕೊಡುವುದಕ್ಕೆ, ಅದರಲ್ಲಿ ಕಪಟವಿರಲಿಲ್ಲ. ಆದರೆ ಕೊನೆಯ ಊಟದ ಹೊತ್ತಿಗೆ ಅತಿಥಿ ಗೋಡೆಯ ಕಡೆ ಕೈ ತೋರಿಸಿ, ಅದು ಬಹಳ ಚೆನ್ನಾಗಿದೆ ಎಂದರು. ಸರಕಾರದ ದೊಡ್ಡವರು ಕಾರ್ಯದರ್ಶಿಗಳ ಮುಖ ನೋಡಿದರು. ಅಷ್ಟೇ ನಡೆದದ್ದು. ಇವರು ಇಲ್ಲವೆನ್ನಲಿಲ್ಲ.

"ದೊರೆಗಳಿಗೂ ಆ ಚಿತ್ರ ಹೀಗೇ ಬಂದದ್ದು," ಎಂದರು ಮೇಷ್ಟ್ರು. "ಯಾರದೋ ಮನೆಗೆ ಹೋಗಿ, ಚೆನ್ನಾಗಿದೆ ಎಂದರಂತೆ. ಸಂತೋಷದಿಂದ ಒಪ್ಪಿಸಿದರು ಅಂತ ಪುಸ್ತಕದಲ್ಲಿದೆ. ಆ ಮನೆಯವರಿಗೆ ಎಷ್ಟು ಸಂತೋಷವಾಗಿತ್ತೋ."

"ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಸರಿ. ಈಗ ನಾನೇನು ಮಾಡಲಿ ಹೇಳಿ," ಎಂದರು ಕಾರ್ಯದರ್ಶಿಗಳು. ನಿಜವಾಗಿಯೂ ಕೇಳಿದಂತಿತ್ತು. ಕೊಟ್ಟದ್ದನ್ನು ವಾಪಸು ಕೇಳುವ ಹಾಗಿಲ್ಲ. ಕೊಟ್ಟದ್ದಕ್ಕೆ ಒಂದು ಚೂರು ಕಾಗದವಿಲ್ಲ. ಅಡುಗೆಯವ ನಾಳೆಯೂ ಇವರ ಕೈಕೆಳಗೇ ಅನ್ನ ಬೇಯಿಸಬೇಕು. ನಿವೃತ್ತರಾದ ಮೇಷ್ಟ್ರ ಮಾತಿಗೆ ಕಡತದಲ್ಲಿ ಜಾಗವಿಲ್ಲ. ಚಿತ್ರ ನಕಲು ಎಂದಾದರೆ ಒಬ್ಬ ಕಳ್ಳ ಬೇಕು, ಕಾಗದದಲ್ಲಿರುವುದು ಅಕ್ಕನ ಸಹಿಯೊಂದೇ. ಚಿತ್ರ ಅಸಲು ಎಂದಾದರೆ ಕಳ್ಳತನವೇ ನಡೆದಿಲ್ಲ. ನಕಲು ಎಂದು ಬರೆದುಕೊಟ್ಟವಳು ಅವಳೊಬ್ಬಳೇ. ಅವಳೇ ಆ ಮಾತು ಹಿಂತೆಗೆದುಕೊಂಡರೆ ಎಲ್ಲರೂ ಮನೆಗೆ ಹೋಗಬಹುದು.

ಯಾವ ಗಂಟನ್ನೂ ಬಿಡಿಸಬಲ್ಲ ಮೇಷ್ಟ್ರು ಸ್ಟೂಲಿನ ಮೇಲೆ ಕೂತು ತಮ್ಮ ಕೈಗಳನ್ನೇ ನೋಡಿಕೊಂಡರು.

ಅಕ್ಕ ತಮ್ಮನ ಕಡೆ ತಿರುಗಿದಳು. ಅವನ ಕಣ್ಣ ಮುಂದೆ ಬಂದದ್ದು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತ ಅಕ್ಕ. ನ್ಯಾಯ, ಸತ್ಯ ಒಂದೂ ನೆನಪಾಗಲಿಲ್ಲ.

"ಬರೆದುಕೊಟ್ಟುಬಿಡೆ ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ," ಎಂದ.

ಅವಳು ಮೇಜಿನ ಹತ್ತಿರ ಬಂದು ನಿಂತೇ ಬರೆದಳು. ಪರೀಕ್ಷಿಸುವಾಗ ನನ್ನ ಕಣ್ಣು ತಪ್ಪಿತು, ಚಿತ್ರ ಅಸಲಾಗಿದೆ. ಎರಡೇ ಮಾತು. ಕಾರ್ಯದರ್ಶಿಗಳು ಅದನ್ನು ಓದಿ, ಮಡಚಿ, ಅವಳಿಗೆ ನಮಸ್ಕಾರ ಮಾಡಿ ಹೊರಟುಹೋದರು. ನಿರ್ದೇಶಕರು ಸದ್ಯ ಎಂದು ಉಸಿರು ಬಿಟ್ಟು ಹಿಂದೆಯೇ ಓಡಿದರು.

ಸಂಜೆ ಮನೆಗೆ ನಡೆಯುವಾಗ ಗುಮಾಸ್ತ ಸಮಾಧಾನ ಹೇಳಲು ನೋಡಿದ, ಕೆಲಸ ಉಳಿಯಿತು, ಮಾನ ಉಳಿಯಿತು ಎಂದು.

"ಕಳ್ಳಿ ಅಂದಿದ್ರೆ ಅಲ್ಲ ಅಂತ ಸಾಯೋ ತನಕ ಹೇಳ್ಕೊಂಡು ತಿರುಗ್ತಿದ್ದೆ ಕಣೋ," ಎಂದಳು ಅಕ್ಕ. "ಈಗ ಯಾರ ಹತ್ರ ಏನಂತ ಹೇಳಲಿ? ನನ್ನ ಕೈಯಾರೆ ಬರೆದಿದ್ದೀನಲ್ಲ."

ಅವನಿಗೆ ಅಳು ಬಂತು, ರಸ್ತೆಯಾದ್ದರಿಂದ ನುಂಗಿಕೊಂಡ.

ಮುಂದಿನ ವಾರ ಮ್ಯೂಸಿಯಂಗೆ ಯಾರೋ ದಾನ ಕೊಟ್ಟ ಹಳೆಯ ಚಿತ್ರವೊಂದು ಬಂತು. ಅಸಲೋ ನಕಲೋ ಹೇಳಲು ನಿರ್ದೇಶಕರು ಈ ಸಲ ಹೊರಗಿನಿಂದ ಒಬ್ಬರನ್ನು ಕರೆಸಿದರು. ಅಕ್ಕ ಉಗ್ರಾಣದ ಬೀಗ ತೆಗೆದು, ದೀಪ ಹಾಕಿ, ಮೇಜು ಒರೆಸಿಕೊಟ್ಟು, ಅವರು ನೋಡಿ ಮುಗಿಸುವ ತನಕ ಬಾಗಿಲ ಹೊರಗೆ ನಿಂತಿದ್ದಳು.