ಒಂಟಿ ಸೀಟಿನ ಜಾವಾ

"ಗಾಡಿ ತಗೊಂಡೋಗು, ಬ್ಯಾಡ ಅನ್ನಲ್ಲ. ಹಿಂದ್ಲ ಸೀಟು ಮಾತ್ರ ಕೀಳ್ಬ್ಯಾಡ ಕಣಪ್ಪ. ಅದ್ರಲ್ಲಿ ಒಬ್ಬಳು ಕೂತವಳೆ."

ಹನಗೋಡಿನಾಚೆ, ಹೊಗೆಸೊಪ್ಪು ಒಣಗಿಸುತ್ತಿದ್ದ ಪಾಳು ಬ್ಯಾರನ್ನಿನ ಬಾಗಿಲಲ್ಲಿ ನಿಂತು ನೀಲಾಂಬಿಕೆ ಹೀಗೆಂದಾಗ ನಂಜುಂಡೇಶನಿಗೆ ನಗು ತಡೆಯಲಾಗಲಿಲ್ಲ. ಅವನು ಮೈಸೂರಿನವನು. ಹುಣಸೂರಿನ ಬೈಪಾಸ್ ಪಕ್ಕ ಶೆಡ್ಡು ಹಾಕಿ ಆರು ತಿಂಗಳಾಗಿತ್ತು. ಹಳ್ಳಿಗಳ ಕೊಟ್ಟಿಗೆ, ಹಿತ್ತಲುಗಳಲ್ಲಿ ತುಕ್ಕು ಹಿಡಿಯುತ್ತಿದ್ದ ಬೈಕುಗಳನ್ನು ಹುಡುಕಿ ತಂದು, ಮೂಳೆಯವರೆಗೆ ಬಿಚ್ಚಿ, ಕೆಫೆ ರೇಸರ್ ಮಾಡುವುದು ಅವನ ಕಸುಬು. ತಗ್ಗಿದ ಹ್ಯಾಂಡಲ್, ಒಬ್ಬನೇ ಕೂರುವ ಗಿಡ್ಡ ಸೀಟು, ಮೈಮೇಲೆ ಒಂದು ತುಂಡು ತಗಡೂ ಹೆಚ್ಚಿಲ್ಲದ ಓಟದ ಗಾಡಿ. ಕೆಲಸ ಚೊಕ್ಕಟ. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ.

ಬ್ಯಾರನ್ನಿನ ಗೋಡೆ ಬಿರುಕು ಬಿಟ್ಟಿತ್ತು. ಮುಂದಿನ ಮಳೆಗಾಲಕ್ಕೆ ಬೀಳುವುದು ಖಂಡಿತ. ಎಪ್ಪತ್ತು ದಾಟಿದ ನೀಲಾಂಬಿಕೆಗೆ ಮಕ್ಕಳಿರಲಿಲ್ಲ. ಗಾಡಿಯನ್ನು ಯಾರಾದರೂ ಒಯ್ದು ನೆರಳಲ್ಲಿ ನಿಲ್ಲಿಸಿಕೊಂಡರೆ ಸಾಕು ಎಂಬುದಷ್ಟೇ ಅವಳ ಬೇಡಿಕೆ.

ಒಳಗೆ ಹಗಲಲ್ಲೂ ಕಗ್ಗತ್ತಲೆ. ಎಷ್ಟೋ ವರ್ಷಗಳ ಸೊಪ್ಪಿನ ಘಾಟು, ಬಾವಲಿಯ ಹಿಕ್ಕೆ, ತುಕ್ಕಿನ ವಾಸನೆ. ಕುಂಕುಮ ಬಣ್ಣದ ಜಾವಾ ಗೋಡೆಗೆ ಮುಖ ಮಾಡಿ ನಿಂತಿತ್ತು. ಮುಂದಿನ ಚಕ್ರವನ್ನು ಸರಪಳಿಯಿಂದ ಕಂಬಕ್ಕೆ ಬಿಗಿದಿದ್ದರು. ಟ್ಯಾಂಕು, ಮಡ್‌ಗಾರ್ಡು, ದೀಪ ಎಲ್ಲದರ ಮೇಲೂ ಬೆರಳುದಪ್ಪ ಧೂಳು. ಸೀಟಿನ ಹಿಂಬದಿ ಮಾತ್ರ ಧೂಳಿಲ್ಲದೆ ನುಣ್ಣಗೆ ಹೊಳೆಯುತ್ತಿತ್ತು. ಆಗಷ್ಟೇ ಯಾರೋ ಎದ್ದು ಹೋದಂತೆ ರೆಕ್ಸಿನ್ ತಗ್ಗಾಗಿತ್ತು. ನಂಜುಂಡೇಶ ಅಂಗೈ ಇಟ್ಟು ನೋಡಿದ. ಬೆಚ್ಚಗಿತ್ತು. ಮೇಲಿನ ತಗಡಿನ ಸಂದಿಯಿಂದ ಬಿಸಿಲು ಬಿದ್ದಿರಬೇಕು ಅಂದುಕೊಂಡ.

ಯಾರು ಕೂತಿರೋದು ಅಜ್ಜಿ, ಲೈಸೆನ್ಸ್ ಇದೆಯಾ ಅವರಿಗೆ ಎಂದು ಕಿಚಾಯಿಸಿದ. ನೀಲಾಂಬಿಕೆ ನಗಲಿಲ್ಲ.

"ಕೇಳ್ಬ್ಯಾಡ. ಹೇಳುದ್ರೆ ನಂಗೆ ಸಿಟ್ಟು ಬತ್ತದೆ. ಇಷ್ಟು ವರ್ಷ ಆದ್ರೂ ಆರಿಲ್ಲ ಅದು."

ಗಾಡಿ ಶೆಡ್ಡಿಗೆ ಬಂದ ಎರಡನೆಯ ದಿನವೇ ಅವನು ಸೀಟಿಗೆ ಕೈಹಾಕಿದ. ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ ಸೋಮಶೇಖರ್ ಐವತ್ತರ ಆಸುಪಾಸಿನವನು, ಪಿರಿಯಾಪಟ್ಟಣದ ಕಡೆಯವನು. ಅಜ್ಜಿ ಹೇಳಿದ್ದನ್ನು ಕೇಳಿ ಅವನು ಸ್ಪ್ಯಾನರ್ ಕೆಳಗಿಟ್ಟ. ಹಾಗಾದರೆ ಆ ಸೀಟನ್ನು ಹಾಗೇ ಉಳಿಸಿಕೊಂಡು ಬೇರೇನಾದರೂ ಮಾಡೋಣ ಎಂದು ಮೆಲ್ಲಗೆ ಹೇಳಿ ನೋಡಿದ. ನಂಜುಂಡೇಶ ರೇಗಿದ. ಉದ್ದ ಸೀಟಿಟ್ಟುಕೊಂಡು ಹಾಲಿನ ಕ್ಯಾನ್ ಸಾಗಿಸೋದಕ್ಕೆ ಇದನ್ನು ತಂದಿದ್ದೀನಾ ಎಂದು ಕೂಗಾಡಿ, ತಾನೇ ಚಾಕು ಹಿಡಿದು ರೆಕ್ಸಿನ್ ಸೀಳಿದ.

ಒಳಗಿನ ಫೋಮು ಪುಡಿಪುಡಿಯಾಗಿ ಉದುರಿತು. ಅದರಡಿ, ಹಿಂಬದಿಯ ಸ್ಪ್ರಿಂಗುಗಳ ನಡುವೆ, ಒಂದು ಗಂಟು. ಕಪ್ಪಗೆ ಕಲೆಗಟ್ಟಿ ಗಡುಸಾದ ಸೀರೆಯ ಚೂರು. ಬಿಚ್ಚಿದರೆ ತಾಮ್ರದ ತಗಡು, ಅದರ ಮೇಲೆ ಗೀರುಗಳು, ಎಂಟು ಮೊಳೆ, ಒಂದು ಎಳೆ ಹೆಣ್ಣುಕೂದಲು. ಅರಿಸಿನದ ವಾಸನೆ. ಅದರ ಹಿಂದೆಯೇ ಹಸಿ ರಕ್ತದ ವಾಸನೆ. ಸೋಮಶೇಖರ್ ಹೊರಗೆ ಹೋದವನು ಆ ದಿನ ಮತ್ತೆ ಒಳಗೆ ಬರಲಿಲ್ಲ.

ನಂಜುಂಡೇಶ ಅದನ್ನೆಲ್ಲ ಮೊಬೈಲಿನಲ್ಲಿ ವೀಡಿಯೊ ಮಾಡಿಕೊಂಡ. ಆಮೇಲೆ ಸೀಟು, ಗಂಟು, ಎಲ್ಲವನ್ನೂ ಶೆಡ್ಡಿನ ಹಿಂದೆ ಕಸದ ರಾಶಿಗೆ ಎಸೆದು ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ. ಹೊಗೆ ಮೇಲೇಳಲಿಲ್ಲ. ನೆಲಕ್ಕೆ ಅಂಟಿಕೊಂಡು ತೆವಳುತ್ತ ಶೆಡ್ಡಿನೊಳಗೆ ನುಗ್ಗಿತು. ಕೆಮ್ಮುತ್ತ, ಬಯ್ಯುತ್ತ, ಅವನು ಗ್ರೈಂಡರ್ ಹಿಡಿದು ಫ್ರೇಮಿನ ಹಿಂಭಾಗವನ್ನು ಕತ್ತರಿಸಿ ಹಾಕಿದ.

ಆಮೇಲೆ ಹದಿನೈದು ದಿನ ಏನೂ ಆಗಲಿಲ್ಲ. ಎಂಜಿನ್ನಿಗೆ ಹೊಸ ಪಿಸ್ಟನ್ ಬಿತ್ತು. ಹ್ಯಾಂಡಲ್ ತಗ್ಗಿತು. ಕಾಲಿಡುವ ಕಡ್ಡಿಗಳು ಹಿಂದಕ್ಕೆ ಸರಿದವು. ಹಿಂದೆ ಗೂನಿನಂತೆ ಉಬ್ಬಿದ ಒಂಟಿ ಸೀಟು ಬಂತು. ಮೊದಲ ಓಟದ ವೀಡಿಯೊಗೆಂದು ನಂಜುಂಡೇಶ ಹನಗೋಡಿನ ರಸ್ತೆಯನ್ನೇ ಆರಿಸಿಕೊಂಡ. ಬೆಳಿಗ್ಗೆ ಎಂಟರ ಹೊತ್ತು. ಇಬ್ಬನಿ ಇನ್ನೂ ಆರಿರಲಿಲ್ಲ. ಎರಡು ಸೈಲೆನ್ಸರುಗಳ ಸದ್ದು ಲಕ್ಷ್ಮಣತೀರ್ಥ ಹೊಳೆಯ ಆಚೆದಡಕ್ಕೆ ಬಡಿದು ವಾಪಸ್ ಬರುತ್ತಿತ್ತು. ಗಾಡಿ ಬೆಣ್ಣೆಯಂತೆ ಓಡಿತು.

ಊರು ದಾಟಿ ಕಾಡಿನಂಚಿಗೆ ಬಂದಾಗ ಒಬ್ಬ ರಸ್ತೆಯ ನಡುವೆ ಬಂದು ಕೈ ಅಡ್ಡ ಹಿಡಿದ. ಹತ್ತಿರದ ಗಿರಿಜನರ ಹಾಡಿಯ ಸುರೇಶ. ಬದಿಯ ಹೊಂಗೆ ಮರದಡಿ ಅವನ ಹೆಂಡತಿ ಶೋಭಾ ಹೊಟ್ಟೆ ಹಿಡಿದು ಕೂತಿದ್ದಳು. ಹೆರಿಗೆ ನೋವು ಶುರುವಾಗಿತ್ತು. ಕರೆದೊಯ್ಯುತ್ತಿದ್ದ ಆಟೋ ಹಿಂದೆಲ್ಲೋ ಕೆಟ್ಟು ನಿಂತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

"ಸಾ, ಇವ್ಳನ್ನ ಕೂರ್ಸೋಕೆ ಆಗ್ದಿದ್ರೆ ನನ್ನನ್ನಾದ್ರೂ ಕೂರುಸ್ಕಳಿ. ಹನಗೋಡಿಂದ ಇನ್ನೊಂದು ಗಾಡಿ ತತ್ತೀನಿ."

ನಂಜುಂಡೇಶನಿಗೆ ರೇಗಿತು. ಓಟದ ಲಯ ತಪ್ಪಿತ್ತು, ಹೆಲ್ಮೆಟ್ಟಿನ ಕ್ಯಾಮೆರಾ ಇನ್ನೂ ಓಡುತ್ತಿತ್ತು. ಹಿಂದಿನ ಉಬ್ಬಿಗೆ ಟಪ್ಪನೆ ಹೊಡೆದು ತೋರಿಸಿದ.

"ಸೀಟೆಲ್ಲಿದೆ ಇದ್ರಲ್ಲಿ? ಕಣ್ಣು ಕಾಣಲ್ವಾ ನಿಂಗೆ? ದಾರಿ ಬಿಡು."

ತಿರುಗಿ ಹೋಗಿ ಆಟೋ ಕಳಿಸಬಹುದಿತ್ತು. ಐದು ನಿಮಿಷದ ದಾರಿ. ಅವನು ಮುಂದಕ್ಕೇ ಹೋದ.

ಒಂದು ಕಿಲೋಮೀಟರ್ ಆಗಿರಲಿಕ್ಕಿಲ್ಲ. ಗಾಡಿ ಹಿಂದಕ್ಕೆ ಜಗ್ಗಿತು. ಹಿಂದಿನ ಚಕ್ರ ಕೂತಿತು. ಪಂಕ್ಚರ್ ಅಂದುಕೊಂಡು ಕ್ಲಚ್ಚಿಗೆ ಕೈ ಒಯ್ದಾಗ ಅವನ ಎರಡೂ ಹೆಗಲ ಮೇಲೆ ಎರಡು ಕೈ ಬಿದ್ದವು.

ಒದ್ದೆ ಕೈಗಳು. ಆಮೇಲೆ ಸೊಂಟದ ಎಡಬಲಕ್ಕೆ ಮಂಡಿಗಳು. ಬೆನ್ನಿಗೆ ಒತ್ತಿದ ದೊಡ್ಡ, ಬಿಗಿಯಾದ, ಬೆಚ್ಚಗಿನ ಹೊಟ್ಟೆ. ಅರಿಸಿನದ ವಾಸನೆ. ಕಿವಿಯ ಹಿಂದೆ ಉಸಿರು. ಹ್ಯಾಂಡಲಿನ ತುದಿಯ ಕನ್ನಡಿಯಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಅವನ ಹೆಗಲು. ಹೆಗಲ ಮೇಲಿನ ಅಂಗಿ ಐದು ಕಡೆ ಒಳಕ್ಕೆ ಕುಸಿದಿತ್ತು. ಬೆರಳು ಒತ್ತಿದ ಹಾಗೆ.

ಗಾಡಿಯಿಂದ ಹಾರಿ ಇಳಿದ. ಭಾರವೂ ಇಳಿಯಿತು. ಅವನ ಜೊತೆಗೇ, ಅವನ ಬೆನ್ನ ಮೇಲೆಯೇ.

ಬೆರಳುಗಳು ಬಿಗಿದವು. ಉಗುರು ಮಾಂಸಕ್ಕೆ ಇಳಿಯುವಷ್ಟು. ಕಿವಿಯಲ್ಲಿ ಹಲ್ಲು ಕಚ್ಚಿ ತಡೆದ ನರಳಾಟ. ಅದೇ ಹೊತ್ತಿಗೆ ಅವನ ಹೊಟ್ಟೆಯ ಕೆಳಗೆ ಯಾರೋ ಹಗ್ಗ ಹಾಕಿ ಹಿಂಡಿದಂತಾಯಿತು. ಒಂದು ನಿಮಿಷ. ಬಿಟ್ಟಿತು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಹಿಂಡಿತು.

ಗಾಡಿಯನ್ನು ಅಲ್ಲೇ ಬಿಟ್ಟು, ಅದೇ ದಾರಿಯಲ್ಲಿ ಮುಂದಿದ್ದ ನೀಲಾಂಬಿಕೆಯ ಮನೆ ತಲುಪುವ ಹೊತ್ತಿಗೆ ಅವನು ನೆಲ ನೋಡುತ್ತಲೇ ನಡೆಯುವಷ್ಟು ಬಾಗಿದ್ದ. ಅವಳು ಅವನ ಮುಖ ನೋಡಲಿಲ್ಲ, ಅವನ ಹೆಗಲಾಚೆಗೆ ನೋಡಿದಳು. ಒಳಗೆ ಹೋಗಿ ಎರಡು ಲೋಟ ನೀರು ತಂದು ಜಗಲಿಯ ಮೇಲಿಟ್ಟಳು.

ನಡೆದದ್ದನ್ನು ಅವಳು ಹೇಳಿದ್ದು ಆಗ. ನಲವತ್ತೈದು ವರ್ಷದ ಹಿಂದೆ ಈ ಸೀಮೆಗೆಲ್ಲ ಇದ್ದದ್ದು ಒಂದೇ ಬೈಕು, ಅವಳ ಗಂಡ ಕಂಠಪ್ಪನದು. ಹಾಡಿಯ ಬೆಳ್ಳ ತನ್ನ ಹೆಂಡತಿ ನಿಂಗಿಯನ್ನು ಹೊತ್ತುಕೊಂಡೇ ಬಂದು ಇದೇ ಜಗಲಿಯ ಮೇಲೆ ಮಲಗಿಸಿದ. ಹೆರಿಗೆ ತಡೆದಿತ್ತು. ಹುಣಸೂರಿನ ಆಸ್ಪತ್ರೆಗೆ ಬಿಟ್ಟು ಬನ್ನಿ ಎಂದು ಕಂಠಪ್ಪನ ಕಾಲು ಹಿಡಿದ. ಸೀಟು ಹೊಲಸಾಗುತ್ತೆ ಎಂದು ಕಂಠಪ್ಪ ಎತ್ತಿನಗಾಡಿ ತೋರಿಸಿದ. ಎತ್ತಿನಗಾಡಿ ಅರ್ಧ ದಾರಿ ತಲುಪುವಷ್ಟರಲ್ಲಿ ನಿಂಗಿ ಸತ್ತಳು, ಮಗು ಒಳಗೇ ಸತ್ತಿತು.

"ಆಮೇಲೆ ನನ್ ಗಂಡ ಸತ್ತಾಗ ಹಾಡಿಯೋರು ಮಾಟ ಮಾಡಿದ್ರು ಅಂತ ಊರೆಲ್ಲ ಆಡ್ಕಂಡ್ರು. ಆ ಜನ ಏನೂ ಮಾಡ್ನಿಲ್ಲ. ಅಳ್ತಾ ಹೊತ್ಕಂಡೋದ್ರು, ಅಷ್ಟೇಯ. ಮಾಡಿಸ್ದೋಳು ನಾನು."

ನಂಜುಂಡೇಶ ತಲೆ ಎತ್ತಲು ನೋಡಿದ. ಆಗಲಿಲ್ಲ.

ನಿಂಗಿಯ ಕೆಳಗೆ ಹಾಸಿದ್ದ ಸೀರೆ ಜಗಲಿಯ ಮೇಲೆಯೇ ಉಳಿದಿತ್ತಂತೆ. ಅದನ್ನು ನೀಲಾಂಬಿಕೆ ತೊಳೆಯಲಿಲ್ಲ. ಕೇರಳದ ಗಡಿಯ ಬಾವಲಿ ಊರು ದಾಟಿ ಆಚೆಗೆ ಹೋಗಿ, ಹೆಸರು ಹೇಳದ ಒಬ್ಬ ಮುದುಕನ ಮುಂದೆ ಹರಡಿದಳು. ಕಂಠಪ್ಪ ಎಲ್ಲಿ ಹೋದರೂ ಅವನ ಹಿಂದೆ ನಿಂಗಿ ಕೂತಿರಬೇಕು ಎಂದು ಕೇಳಿಕೊಂಡಳು. ತಾನೇ ದಬ್ಬಳ ಹಿಡಿದು ಸೀಟಿನೊಳಗೆ ಹೊಲಿದಳು. ಮೊದಲು ಅವನ ಬೆನ್ನು ಬಾಗಿತು. ಆಮೇಲೆ ನೋವು ಬಂತು, ಹೆಣ್ಣಿನ ನೋವು. ಮೊದಮೊದಲು ಬಿಟ್ಟು ಬಿಟ್ಟು, ಆಮೇಲೆ ಹತ್ತಿರ ಹತ್ತಿರ. ಎಡೆಬಿಡದೆ ಬಂದ ದಿನ, ಊಟಕ್ಕೆ ಕೂತಿದ್ದವನು ತಟ್ಟೆಯ ಮೇಲೆಯೇ ಮುಗ್ಗರಿಸಿ ಪ್ರಾಣ ಬಿಟ್ಟ.

ನಂಜುಂಡೇಶ ಬೇಡಿಕೊಂಡ. ಅದು ಗಂಡಹೆಂಡಿರ ವಿಷಯ, ನನಗೂ ಅದಕ್ಕೂ ಏನು ಸಂಬಂಧ, ಹದಿನೈದು ದಿನದ ಹಿಂದೆ ಸೀಟು ಸುಟ್ಟಿದ್ದು ನಿಜ, ತಪ್ಪಾಯಿತು, ಹೇಗಾದರೂ ಬಿಡಿಸಿ ಎಂದು ನೆಲಕ್ಕೆ ಹಣೆ ಹಚ್ಚಿದ.

ನೀಲಾಂಬಿಕೆಯ ಕಣ್ಣು ಕಿರಿದಾದವು.

"ಹದಿನೈದು ದಿನದಿಂದ ಅವಳಿಗೆ ಕೂರೋಕೆ ಜಾಗ ಇರ್ನಿಲ್ಲ. ಆದ್ರೂ ನಿನ್ನ ಮುಟ್ಟಿರ್ನಿಲ್ಲ. ಇವತ್ತು ಯಾರ್‌ಗೆ ಇಲ್ಲ ಅಂದೆ?"

ಹೆಗಲ ಮೇಲಿನ ಕೈಗಳು ಬಿಗಿದವು. ಹೇಳುವವರೆಗೆ ಬಿಡಲಿಲ್ಲ. ಕಡೆಗೆ ತೊದಲುತ್ತ, ಹೊಂಗೆ ಮರದಡಿ ಕೂತಿದ್ದವಳ ಸಂಗತಿಯನ್ನು ಅವನೇ ಬಾಯಿಬಿಟ್ಟ.

ನೀಲಾಂಬಿಕೆ ಬಗ್ಗಿ ಅವನ ಮುಂದಿದ್ದ ಲೋಟವನ್ನು ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಇನ್ನೊಂದು ಲೋಟವನ್ನು ಹಾಗೇ ಬಿಟ್ಟಳು.

"ಬಿಚ್ಚೋ ಮಂತ್ರ ನಂಗೆ ಬತ್ತದೆ ಕಣೋ. ನಿನ್ನ ಅವಸ್ಥೆ ನೋಡಿ ಬಿಚ್ಚಾನ ಅಂತ್ಲೇ ನೀರು ತಂದೆ. ಈಗ ಬಿಚ್ಚಲ್ಲ. ಏಳು, ನನ್ನ ಜಗ್ಲಿ ಬಿಡು."

ಅವಳು ಬಾಗಿಲು ಹಾಕಿಕೊಂಡಳು.

ಅವನು ಹೊಂಗೆ ಮರದ ಹತ್ತಿರ ವಾಪಸ್ ಹೋದ. ಯಾರೂ ಇರಲಿಲ್ಲ. ಹಾಡಿಯಲ್ಲಿ ವಿಚಾರಿಸಿದಾಗ, ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಹತ್ತಿಸಿಕೊಂಡು ಹೋದನೆಂದೂ, ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಗಿ ತಾಯಿ ಮಗು ಚೆನ್ನಾಗಿದ್ದಾರೆಂದೂ ಹೇಳಿದರು. ಮರುದಿನ ಸುರೇಶನ ಕಾಲು ಹಿಡಿಯಲು ಹೋದ. ಸುರೇಶ ಬಯ್ಯಲಿಲ್ಲ. ನಮಗೀಗ ನಿಮ್ಮಿಂದ ಆಗಬೇಕಾದ್ದು ಏನೂ ಇಲ್ಲ ಎಂದು ಹೇಳಿ, ಬಿಸಿನೀರಿನ ಕೊಡ ಎತ್ತಿಕೊಂಡು ಒಳಗೆ ಹೋದ.

ಸೋಮಶೇಖರನನ್ನು ಬೇಡಿಕೊಂಡು ಕತ್ತರಿಸಿದ ಫ್ರೇಮನ್ನು ಮತ್ತೆ ಬೆಸುಗೆ ಹಾಕಿಸಿದ. ಉದ್ದನೆಯ ಸೀಟು ಹೊಲಿಸಿ ಹಾಕಿಸಿದ. ಅದರ ಮುಂದೆ ನಿಂತು, ಇಳಿದು ಕೂತ್ಕೊಳ್ಳಮ್ಮ ಎಂದು ಕೈಮುಗಿದ. ಹೆಗಲ ಮೇಲಿನ ಬೆರಳು ಅಲುಗಲಿಲ್ಲ. ಹೊಸ ರೆಕ್ಸಿನ್ ತಣ್ಣಗೆ ಹೊಳೆಯುತ್ತಿತ್ತು, ಅಷ್ಟೆ. ಮೈಸೂರಿನ ಡಾಕ್ಟರು ಎಕ್ಸ್‌ರೇ ತೆಗೆದು ನೋಡಿ ಬೆನ್ನುಮೂಳೆ ಸರಿಯಾಗಿದೆ ಎಂದರು. ಅವನು ಅವರ ಮೇಲೂ ಕೂಗಾಡಿದ. ಕೂಗಿದಷ್ಟೂ ಕಿವಿಯ ಹಿಂದಿನ ಉಸಿರು ಬಿಸಿಯಾಗುತ್ತಿತ್ತು.

ನೋವುಗಳ ನಡುವಿನ ಇಪ್ಪತ್ತು ನಿಮಿಷ ಹತ್ತಾಯಿತು. ಹತ್ತು ಆರಾಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ, ಶೆಡ್ಡಿನಲ್ಲಿ, ನೋವು ಎರಡು ನಿಮಿಷಕ್ಕೊಮ್ಮೆ ಬರತೊಡಗಿತು. ನಂಜುಂಡೇಶ ಬಾಗಿಲ ಚೌಕಟ್ಟು ಹಿಡಿದು ಕುಸಿದ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅರ್ಧ ಗಂಟೆಯಾಗುತ್ತದೆ ಎಂದರು. ಸೋಮಶೇಖರ್ ಹೆದರಿದರೂ ಮನಸ್ಸು ತಡೆಯದೆ ತನ್ನ ಸ್ಕೂಟರ್ ತಂದು ನಿಲ್ಲಿಸಿದ. ಹತ್ತಿ ಸಾರ್, ಹತ್ತೇ ನಿಮಿಷ, ಆಸ್ಪತ್ರೆ ಇಲ್ಲೇ ಇದೆ ಎಂದ. ನಂಜುಂಡೇಶ ತೆವಳಿ ಬಂದು ಕಾಲೆತ್ತಿ ಹಾಕಿ ಕೂತ.

ಸ್ಕೂಟರಿನ ಹಿಂದಿನ ಟೈರು ಚಪ್ಪಟೆಯಾಗಿ ನೆಲಕ್ಕೆ ಅಂಟಿತು. ಸ್ಪ್ರಿಂಗು ಕಿರ್ರೆಂದಿತು. ಸೋಮಶೇಖರ್ ತಿರುಗಿ ನೋಡಿದ. ನಂಜುಂಡೇಶನ ಹೆಗಲಲ್ಲಿ ಹತ್ತು ಕುಳಿ. ಅವನ ನೋಡನೋಡುತ್ತಲೇ ಹತ್ತೂ ಆಳವಾದವು.

"ಇಳೀರಿ ಸಾರ್," ಎಂದ. "ನಂಗೆ ಹೆಂಡ್ತಿ ಮಕ್ಳವ್ರೆ. ಇಳೀರಿ."

ನಂಜುಂಡೇಶ ಅವನ ಅಂಗಿ ಹಿಡಿದ. ಸೋಮಶೇಖರ್ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಸ್ಕೂಟರನ್ನು ಮುಂದಕ್ಕೆಳೆದುಕೊಂಡ. ನಂಜುಂಡೇಶ ಮಣ್ಣಿಗೆ ಬಿದ್ದ. ಸ್ಕೂಟರಿನ ಸದ್ದು ಬೈಪಾಸಿನತ್ತ ಹೋಯಿತು. ಲಾರಿಗಳು ಹಾದುಹೋಗುತ್ತಿದ್ದವು. ಯಾವುದೂ ನಿಲ್ಲಲಿಲ್ಲ.

ಅವನು ನೋವುಗಳ ನಡುವಿನ ಬಿಡುವು ಎಣಿಸತೊಡಗಿದ. ಎರಡು ನಿಮಿಷ ಸಿಗಲಿಲ್ಲ. ಒಂದೂ ಸಿಗಲಿಲ್ಲ. ಕೈಗಳು ಬಿಗಿದವು. ಬಿಗಿದೇ ಇದ್ದವು. ಕಿವಿಯ ಪಕ್ಕದ ನರಳಾಟ ಮೊದಲ ಬಾರಿ ಕಚ್ಚಿದ ಹಲ್ಲು ದಾಟಿ ಹೊರಬಂದು, ಪೂರ್ತಿ ಕೂಗಾಯಿತು. ಆ ಕೂಗು ತನ್ನ ಬಾಯಿಂದಲೇ ಬರುತ್ತಿದೆ ಎಂದು ಅವನಿಗೆ ಗೊತ್ತಾಯಿತು.